ಮಿಸ್ ಕೋರಾ ಕೂತ ನಾಲ್ಕು ನಿಮಿಷ

ನಾನು ಓದಿದ್ದು ಏಳನೇ ತರಗತಿ. ಅದನ್ನೂ ಪೂರ್ತಿ ಮಾಡಲಿಲ್ಲ. ಆದರೆ ಮೂವತ್ತೆಂಟು ವರ್ಷ ಸಿನಿಮಾ ಓಡಿಸಿದ್ದೇನೆ. ಮೊದಲು ಅರಸೀಕೆರೆ ಕಡೆಯ ಟೆಂಟಿನಲ್ಲಿ, ಆಮೇಲೆ ಸಿಡ್ನಿಯಲ್ಲಿ, ಕೊನೆಗೆ ಮೆಲ್ಬರ್ನಿನಲ್ಲಿ. ಆಟದ ನಡುವೆ ನನ್ನ ಕೈಯಲ್ಲಿ ಪರದೆ ಬೆಳ್ಳಗೆ ನಿಂತದ್ದು ಒಟ್ಟು ಮೂರೇ ಸಲ. ಅದರಲ್ಲಿ ಒಂದು ಸಲ ಕರೆಂಟಿನ ತಪ್ಪು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಮೆಲ್ಬರ್ನಿನ ಬಾಕ್ಸ್ ಹಿಲ್‌ನಲ್ಲಿ ನಮ್ಮ ಪಕ್ಕದ ಬೀದಿಯ ಡಾಕ್ಟರರ ಮಗಳು ಹಳೆಯ ಫಿಲ್ಮುಗಳನ್ನು ಕಾಪಾಡುವ ಕಚೇರಿಗೆ ಕೆಲಸಕ್ಕೆ ಸೇರಿದ್ದಾಳೆ. ಹೋದ ತಿಂಗಳು ಮನೆಗೆ ಬಂದವಳು, ‘ಅಂಕಲ್, ಪ್ಲೀಸ್ ರೈಟ್ ಇಟ್ ಡೌನ್. ನಮ್ಮ ಆಫೀಸಲ್ಲಿ ನೋಬಡಿ ಹ್ಯಾಸ್ ಟಚ್ಡ್ ಎ ಪ್ರೊಜೆಕ್ಟರ್’ ಎಂದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬಾರದು. ಅವರಪ್ಪ ಓದಿ ಹೇಳಲಿ. ಡಾಕ್ಟರಿಗೂ ಸ್ವಲ್ಪ ವಿದ್ಯೆ ಹತ್ತಿದಂತಾಗುತ್ತದೆ.

ನಾನು ಯಾವಾಗ ಚೀಫ್ ಆಪರೇಟರ್ ಆದೆ, ಬೀಳ್ಕೊಡುಗೆಯಲ್ಲಿ ಯಾರು ಏನು ಮಾತಾಡಿದರು, ಅದೆಲ್ಲ ಇಲ್ಲಿ ಬೇಡ. ಕೆಲಸಕ್ಕೆ ಬರುವವರಿಗೆ ಬೇಕಾದದ್ದು ಕೆಲಸದ ಮಾತು.

ಟೆಂಟಿನಲ್ಲಿ ನಮ್ಮ ಯಜಮಾನರು ಕೊಟ್ರಪ್ಪನವರು. ಒಳ್ಳೆಯ ಮನುಷ್ಯ, ಆದರೆ ಸಿನಿಮಾವನ್ನು ಸೌತೆಕಾಯಿ ಎಂದು ತಿಳಿದಿದ್ದರು. ಎಲ್ಲಿ ಬೇಕಾದರೂ ಹೆಚ್ಚಬಹುದು. ಗುರುವಾರ ಸಂತೆ. ಆ ದಿನ ಮೂರು ಆಟದ ಹೊತ್ತಿನಲ್ಲಿ ನಾಲ್ಕು ಆಟ ಹಿಡಿಸಬೇಕು. ಬೆಳಿಗ್ಗೆಯೇ ಕೋಣೆಗೆ ಬಂದು, ‘ಗಂಗಾಧರ, ಫೈಟು ಮುಟ್ಬೇಡ, ಕಾಮಿಡಿ ಮುಟ್ಬೇಡ. ಆ ಹೆಣ್ಮಗಳು ಕಿಟಕಿ ಹಿಡ್ಕೊಂಡು ಹಾಡ್ತಾಳಲ್ಲ, ಅದನ್ನ ತೆಗೆದು ಹಾಕು. ಕಥೆಗೇನೂ ಆಗಲ್ಲ’ ಎನ್ನುವರು. ನಾನು ಕತ್ತರಿ ಎತ್ತುತ್ತಿದ್ದೆ. ಶುಕ್ರವಾರ ಮತ್ತೆ ಅಂಟಿಸಬೇಕೆಂದು ಲೆಕ್ಕ. ಅರ್ಧ ಸಲ ತುಂಡು ಸಿಕ್ಕುತ್ತಿತ್ತು, ಅರ್ಧ ಸಲ ಇಲ್ಲ. ಕಿಟಕಿ ಹಿಡಿದುಕೊಂಡ ಆ ನಟಿ ನಮ್ಮ ತಾಲ್ಲೂಕಿನಲ್ಲಿ ಪೂರ್ತಿ ಹಾಡಿದ್ದೇ ಇಲ್ಲ. ಆಗ ನನಗೆ ಏನೂ ಅನ್ನಿಸಿರಲಿಲ್ಲ. ಜಾಯಿಂಟ್ ಕಾಣದ ಹಾಗೆ ಅಂಟಿಸುತ್ತೇನೆಂದು ಹೆಮ್ಮೆಯೇ ಇತ್ತು.

ಎಂಬತ್ತರ ದಶಕದ ಕೊನೆಯಲ್ಲಿ ನನ್ನ ಹೆಂಡತಿ ಲೀಲಾಗೆ ಸಿಡ್ನಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ಸಿಕ್ಕಿತು. ಅಲ್ಲೇ ನೆಲೆಸಲು ಕೊಡುವ ಅವಳ ಪಿಆರ್ ಕಾಗದದಲ್ಲಿ ನಾನು ಎರಡನೇ ಸಾಲು. ಪ್ಯಾರಮಟ್ಟಾದಲ್ಲಿ ಎರಡು ಕೋಣೆ ರೆಂಟಿಗೆ ಹಿಡಿದೆವು. ವಾರದ ಕೊನೆಗೆ ಕನ್ನಡದವರ ಊಟಕ್ಕೆ ಹೋದರೆ ಎಲ್ಲರೂ ಹೆಸರಿನ ಹಿಂದೆ ಅಕ್ಷರ ಅಂಟಿಸಿಕೊಂಡವರು. ‘ನೀವೇನ್ ಮಾಡ್ಕೊಂಡಿದೀರಾ?’ ಎಂದು ಕೇಳುವರು. ‘ಸಿನಿಮಾ ಓಡಿಸ್ತೀನಿ’ ಎಂದರೆ, ‘ಅಂದ್ರೆ ಡಿಸ್ಟ್ರಿಬ್ಯೂಷನ್ನಾ?’ ‘ಅಲ್ಲ, ಕೈಯಲ್ಲಿ.’ ಆಮೇಲೆ ಅವರಿಗೆ ತಟ್ಟನೆ ಅನ್ನ ಹಾಕಿಸಿಕೊಳ್ಳುವ ನೆನಪಾಗುತ್ತಿತ್ತು.

ನನಗೆ ಕೆಲಸ ಕೊಟ್ಟವನು ಡೆನಿಸ್. ಹಳೆಯ ಸಿನಿಮಾಗಳನ್ನೇ ಹಾಕುವ ಒಂದು ಸಣ್ಣ ಥಿಯೇಟರಿನ ಮ್ಯಾನೇಜರ್, ಜೊತೆಗೆ ಚೀಫ್ ಆಪರೇಟರ್ ಕೂಡ. ಎತ್ತರದ ಆಳು, ಶಾರ್ಟ್ಸ್ ಹಾಕಿಕೊಂಡೇ ಆಫೀಸು ನಡೆಸುತ್ತಿದ್ದ. ಸರ್ಟಿಫಿಕೇಟ್ ಕೇಳಿದ. ನಾನು ಅವನ ಮೇಜಿನ ಮೇಲಿದ್ದ ಹರಿದ ಫಿಲ್ಮನ್ನು ತೆಗೆದುಕೊಂಡು, ಅವನ ಮುಖವನ್ನೇ ನೋಡುತ್ತಾ, ಕೈಯಲ್ಲಿ ಅಂಟಿಸಿ ಕೊಟ್ಟೆ. ಅವನು ಬೆಳಕಿಗೆ ಹಿಡಿದು ಹುಡುಕಿದ, ಉಗುರಿನಲ್ಲಿ ಕೆರೆದ. ‘ಜಾಯಿಂಟ್ ಎಲ್ಲಿದೆ ಮೇಟ್?’ ಎಂದ. ‘ನೀವೇ ಹೇಳಿ ಸರ್’ ಎಂದೆ. ಸೋಮವಾರದಿಂದ ಬಾ ಎಂದ.

ಅಲ್ಲಿ ಎರಡು ಪ್ರೊಜೆಕ್ಟರ್. ಇಪ್ಪತ್ತು ನಿಮಿಷಕ್ಕೆ ಒಂದು ರೀಲು ಮುಗಿಯುತ್ತದೆ; ಮುಗಿಯುವ ಮುನ್ನ ಪರದೆಯ ಮೂಲೆಯಲ್ಲಿ ಒಂದು ಚುಕ್ಕೆ ಮಿನುಗುತ್ತದೆ; ಆಗ ಪಕ್ಕದ ಮಷೀನು ಚಾಲೂ ಮಾಡಿ ಅದಕ್ಕೆ ಬದಲಿಸಬೇಕು. ಇದನ್ನು ಚೆನ್ನಾಗಿ ಮಾಡಿದರೆ ಯಾರಿಗೂ ತಿಳಿಯುವುದಿಲ್ಲ. ಹಾಗಾಗಿ ಹೊಗಳಿಕೆ ಬೇಕಾದವರು ಈ ಕೆಲಸಕ್ಕೆ ಬರಬೇಡಿ. ನನಗೆ ಹೊಂದಿಕೆಯಾಗದೆ ಹೋದದ್ದು ಜನರ ಮೌನ. ಶಿಳ್ಳೆ ಇಲ್ಲ, ಚಿಲ್ಲರೆ ಎರಚುವುದಿಲ್ಲ. ಮೊದಲ ವಾರ ಒಳಗೆ ಜನ ಇದ್ದಾರೋ ಇಲ್ಲವೋ ಎಂದು ಎರಡು ಸಲ ಇಳಿದು ಹೋಗಿ ನೋಡಿ ಬಂದಿದ್ದೆ.

ಆರನೇ ವಾರ ಡೆನಿಸ್ ಒಂದು ಹಬ್ಬ ಇಟ್ಟುಕೊಂಡ. ಅಮೆರಿಕದ ಕಪ್ಪು ಜನರ ಪೈಕಿ ಸಿನಿಮಾದಲ್ಲಿ ಹೆಸರು ಮಾಡಿದ ಮೊದಲ ಹೆಂಗಸರಲ್ಲಿ ಒಬ್ಬರು, ಮಿಸ್ ಕೋರಾ ಟಾಲಿವರ್. ಆಗ ಅವರಿಗೆ ಎಂಬತ್ತರ ಹತ್ತಿರ. ಅವರನ್ನೇ ಕರೆಸಿ, ಸಿಡ್ನಿಯಲ್ಲಿ ಒಂದು ವಾರ, ಮೆಲ್ಬರ್ನಿನಲ್ಲಿ ಒಂದು ವಾರ ಅವರ ಸಿನಿಮಾಗಳು. ರೀಲುಗಳನ್ನು ಪರೀಕ್ಷೆ ಮಾಡಿದವನು ನಾನು. ಏಳು ಸಿನಿಮಾ. ಕೈಗವಸು ಹಾಕಿಕೊಂಡು ಅಡಿ ಅಡಿಯಾಗಿ ನೋಡುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಆ ಏಳರಲ್ಲಿ ಈ ಹೆಂಗಸು ಸೂಪು ತರುತ್ತಾರೆ, ಬಾಗಿಲು ತೆರೆಯುತ್ತಾರೆ, ಕೋಟು ಹಿಡಿದು ನಿಲ್ಲುತ್ತಾರೆ, ಬೇರೆಯವರ ಮಗುವನ್ನು ಸಮಾಧಾನ ಮಾಡುತ್ತಾರೆ. ಎಲ್ಲೂ ಕೂರುವುದಿಲ್ಲ. ನಾನೂ ದಿನವಿಡೀ ನಿಂತು ಕೆಲಸ ಮಾಡುವವನು. ಇಂಥದ್ದು ನನಗೆ ಬೇಗ ಕಾಣುತ್ತದೆ.

ಮೊದಲ ಮಧ್ಯಾಹ್ನದ ಆಟ. ಡೆನಿಸ್ ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದ. ಕೋಣೆಯಲ್ಲಿ ನಾನೊಬ್ಬನೇ, ಮೊದಲ ಸಲ. ಸಿನಿಮಾ ಒಂದು ದೊಡ್ಡ ಮನೆಯ ಜಗಳದ ಕಥೆ; ಮಿಸ್ ಕೋರಾ ಅಡುಗೆಯವರು. ಮೂರನೇ ರೀಲಿನ ಕೊನೆಯಲ್ಲಿ ಮನೆಯೊಡತಿ ಅವರನ್ನು ಕೆಲಸದಿಂದ ತೆಗೆದು ಬಾಗಿಲನ್ನು ಧಡಾರನೆ ಹಾಕುತ್ತಾಳೆ. ನನ್ನ ಇಪ್ಪತ್ತು ವರ್ಷದ ಕೈಗೆ ಅದು ಏನೆಂದು ಗೊತ್ತಾಗದೆ ಇರುತ್ತದೆಯೇ? ಬಾಗಿಲು ಬಿತ್ತು; ಇಂಟರ್‌ವಲ್. ಮಷೀನು ನಿಲ್ಲಿಸಿದೆ, ಪರದೆಯ ಮೇಲೆ ತೆರೆ ಎಳೆದೆ, ದೀಪ ಹಾಕಿದೆ, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡೆ.

ಎರಡು ಗುಟುಕು ಕುಡಿದ ಮೇಲೆ ಏನೋ ಸರಿಯಿಲ್ಲ ಅನ್ನಿಸಿತು. ಬೋಂಡಾದ ವಾಸನೆ ಇಲ್ಲ. ಕಿಂಡಿಯಲ್ಲಿ ನೋಡಿದರೆ ಜನರೆಲ್ಲ ತಲೆ ತಿರುಗಿಸಿ ನನ್ನ ಕಡೆಗೇ ನೋಡುತ್ತಿದ್ದಾರೆ. ಆ ಊರಿನ ಸಿನಿಮಾಕ್ಕೆ ಇಂಟರ್‌ವಲ್ಲೇ ಇಲ್ಲ! ಆರು ವಾರದಿಂದ ದಿನವೂ ನೋಡಿದ್ದೇನೆ, ಆದರೂ ಕೈ ತನ್ನ ಊರಿಗೆ ಹೋಗಿ ಬಂದಿತ್ತು. ಕೂಡಲೇ ಶುರು ಮಾಡೋಣವೆಂದರೆ ಆಗಲೇ ಕೆಲವರು ಎದ್ದು ಮುಂದಿನ ಸಾಲಿಗೆ ಹೋಗಿ ಮಿಸ್ ಕೋರಾರ ಕೈ ಕುಲುಕುತ್ತಿದ್ದರು. ಒಬ್ಬರು ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ದೀಪ ಆರಿಸಲು ನನಗೆ ಧೈರ್ಯ ಬರಲಿಲ್ಲ.

ಹತ್ತು ನಿಮಿಷ ಕಳೆದು ಉಳಿದ ರೀಲು ಓಡಿಸಿದೆ. ಆಟ ಮುಗಿಯಿತು. ಮೆಟ್ಟಿಲ ಮೇಲೆ ಕೋಲಿನ ಸದ್ದು. ಮೂವತ್ತೆರಡು ಮೆಟ್ಟಿಲು ಹತ್ತಿ ಬಂದವರು ಮಿಸ್ ಕೋರಾ. ಹಿಂದೆಯೇ, ಒಂದು ಕಡೆ ಕೆನ್ನೆ ಊದಿಸಿಕೊಂಡ ಡೆನಿಸ್. ಅವರ ಇಂಗ್ಲಿಷ್ ನನಗೆ ಪೂರ್ತಿ ಹತ್ತುತ್ತಿರಲಿಲ್ಲ. ಹತ್ತಿದ್ದನ್ನು ನನ್ನ ಕನ್ನಡದಲ್ಲೇ ಬರೆಯುತ್ತೇನೆ.

‘ಮಧ್ಯದಲ್ಲಿ ನಿಲ್ಲಿಸಿದವನು ನೀನೇನಾ?’

‘ತಪ್ಪಾಯ್ತು ಮೇಡಂ. ನಮ್ಮೂರಲ್ಲಿ—’

‘ಅಲ್ಲೇ ನಿಲ್ಸು ಅಂತ ಯಾರು ಹೇಳಿದ್ರು?’

‘ಯಾರೂ ಹೇಳ್ಲಿಲ್ಲ. ಬಾಗಿಲು ಬಿತ್ತು. ಅಲ್ಲಿ ನಿಲ್ಲಬೇಕು ಅನ್ನಿಸ್ತು.’

ಅವರು ನನ್ನ ಸ್ಟೂಲಿನ ಮೇಲೆ ಕೂತು ನಗಲು ಶುರು ಮಾಡಿದರು. ಡೆನಿಸ್ ನಗಲು ಹೋಗಿ ದವಡೆ ಹಿಡಿದುಕೊಂಡ.

‘ಹನಿ, ನನ್ನ ಪಾತ್ರ ಎಲ್ಲಾ ಸಿನಿಮಾದಲ್ಲೂ ಮೊದಲರ್ಧಕ್ಕೇ ಮುಗಿಯತ್ತೆ. ಕೊನೇಲಿ ದೀಪ ಹಾಕೋ ಹೊತ್ತಿಗೆ ಜನಕ್ಕೆ ನಾನು ಮರೆತೇಹೋಗಿರ್ತೀನಿ. ಇನ್ನೂ ನೆನಪಿರುವಾಗಲೇ ದೀಪ ಹಾಕಿದವನು ನೀನೊಬ್ಬನೇ.’ ಆಮೇಲೆ ನಗು ನಿಲ್ಲಿಸಿ ಹೇಳಿದರು, ‘ಅಲ್ಲಿ ಇನ್ನೊಂದು ಸೀನಿತ್ತು. ಅದೇ ಜಾಗದಲ್ಲಿ.’

ಕಥೆ ಹೀಗೆ. ಬಾಗಿಲು ಬಿದ್ದ ಮೇಲೆ ಅಡುಗೆಯಾಕೆ ತನ್ನ ಮನೆಗೆ ಹೋಗುತ್ತಾಳೆ. ಟೋಪಿ ಬಿಚ್ಚುತ್ತಾಳೆ, ತನ್ನ ಕುರ್ಚಿಯಲ್ಲಿ ಕೂರುತ್ತಾಳೆ, ತನಗಾಗಿಯೇ ಒಂದು ಹಾಡು ಹೇಳಿಕೊಳ್ಳುತ್ತಾಳೆ. ನಾಲ್ಕು ನಿಮಿಷ. ಅಂಥ ಸೀನು ಬೇಕೆಂದು ಮಿಸ್ ಕೋರಾ ಹಟ ಹಿಡಿದು, ಕಣ್ಣು ಗುಡ್ಡೆ ಹೊರಳಿಸಿ ಜನರನ್ನು ನಗಿಸುವ ಪಾತ್ರಗಳನ್ನು ವರ್ಷವಿಡೀ ಬೇಡವೆಂದು ಕೂತಿದ್ದರು. ಸ್ಟುಡಿಯೋದವರು ಒಪ್ಪಿದರು. ಆದರೆ ಅದನ್ನು ಬೇಕೆಂದೇ ರೀಲಿನ ಕೊನೆಗೆ ಇಟ್ಟರು; ಕಪ್ಪು ಹೆಂಗಸು ಕುರ್ಚಿಯಲ್ಲಿ ಕೂತು ಹಾಡುವುದನ್ನು ಸಹಿಸದ ಅಮೆರಿಕದ ದಕ್ಷಿಣದ ಊರುಗಳಲ್ಲಿ ಸುಲಭವಾಗಿ ಕತ್ತರಿಸಲಿ ಎಂದು. ‘ಕಥೆಗೇನೂ ಆಗಲ್ಲ ಕೋರಾ, ಅಂದ್ರು’ ಎಂದರು ಮಿಸ್ ಕೋರಾ. ಕೊನೆಗೆ ಎಲ್ಲ ಊರುಗಳಲ್ಲೂ ಕತ್ತರಿಸಿದರು. ಜನ ತುಂಬಿದ ಥಿಯೇಟರಿನಲ್ಲಿ ಅದನ್ನು ಯಾರೂ, ಅವರೂ ಸಹ, ನೋಡಿರಲಿಲ್ಲ.

ಇಂಟರ್‌ವಲ್ಲಿಗೆ ಬಗ್ಗಿಸಿಕೊಂಡ ಕಾಫಿ ಹಾಗೇ ತಣ್ಣಗಾಗಿತ್ತು. ಸುಮ್ಮನಿರಬಹುದಿತ್ತು. ಆದರೆ ನಾನು ಕೆಲಸದ ವಿಷಯದಲ್ಲಿ ಸುಳ್ಳು ಹೇಳುವವನಲ್ಲ.

‘ಮೇಡಂ, ನಾನೂ ಕತ್ತರಿಸಿದೀನಿ. ನಮ್ಮೂರಲ್ಲಿ. ಪ್ರತಿ ಗುರುವಾರ. ಹೆಂಗಸರ ಹಾಡುಗಳನ್ನೇ.’

‘ಯಾಕೆ?’

‘ನಾಲ್ಕು ಆಟ ಹಿಡಿಸಬೇಕಾಗಿತ್ತು.’

‘ಎಷ್ಟು ಹಾಡು?’

‘ಎಣಿಸಿಲ್ಲ.’

ಅವರು ಕೋಲನ್ನು ನೆಲಕ್ಕೆ ಕುಟ್ಟಿದರು. ‘ಡೆನಿಸ್, ಈ ಮನುಷ್ಯನ ಕತ್ತರಿ ಕಿತ್ತಿಡು’ ಎಂದರು. ಆಮೇಲೆ ನನ್ನನ್ನು ನೋಡಿ ಹೇಳಿದರು, ‘ನನ್ನ ಸೀನನ್ನ ಕತ್ತರಿಸು ಅಂತ ಹೇಳಿಸಿಕೊಂಡ ಆಪರೇಟರ್ ಒಬ್ಬ ಇದ್ದ. ನಮ್ಮವನೇ, ಕಪ್ಪು ಮನುಷ್ಯ. ಕತ್ತರಿಸಿದ. ಆದರೆ ಬಿಸಾಡ್ಲಿಲ್ಲ, ನನಗೆ ಪೋಸ್ಟ್ ಮಾಡಿದ. ಹೋಟೆಲ್ ರೂಮಲ್ಲಿದೆ. ನಾಳೆ ತರ್ತೀನಿ. ಓಡಿಸ್ತೀಯಾ?’

ಓಡಿಸುತ್ತೇನೆ ಎಂದೆ. ಡಬ್ಬಿ ನೋಡುವ ಮೊದಲೇ ಒಪ್ಪಿಕೊಂಡದ್ದು ನನ್ನ ಆ ವಾರದ ಎರಡನೇ ತಪ್ಪು.

ಮರುದಿನ ಡಬ್ಬಿ ತೆಗೆದರೆ ಕೋಣೆಯೆಲ್ಲ ವಿನೆಗರ್ ವಾಸನೆ. ಡೆನಿಸ್ ಕೆಳಗಿನಿಂದ, ‘ಯಾರಪ್ಪಾ ಮೇಲೆ ಫಿಶ್ ಅಂಡ್ ಚಿಪ್ಸ್ ತಿಂತಿರೋದು?’ ಎಂದು ಕೂಗಿದ. ಈ ಕೆಲಸಕ್ಕೆ ಬರುವವರು ಮೂಗನ್ನೂ ತನ್ನಿ. ಹಳೆಯ ಫಿಲ್ಮು ಕೊಳೆಯಲು ಶುರುವಾದರೆ ಹಾಗೇ ನಾರುತ್ತದೆ, ಕುಗ್ಗುತ್ತದೆ, ಹಪ್ಪಳದ ಹಾಗೆ ಸೆಟೆದುಕೊಳ್ಳುತ್ತದೆ. ಫಿಲ್ಮಿನ ಅಂಚಿನ ತೂತುಗಳು ಹತ್ತಿರ ಹತ್ತಿರವಾಗಿ ಮಷೀನಿನ ಹಲ್ಲಿಗೆ ಕೂರುವುದಿಲ್ಲ. ಓಡಿಸಿದರೆ ಹಲ್ಲು ಅದನ್ನು ಹರಿದು ಹಾಕುತ್ತದೆ.

ಡೆನಿಸ್ ಅಳತೆಪಟ್ಟಿ ಇಟ್ಟು ನೋಡಿದ. ‘ಆಗಲ್ಲ ಮೇಟ್. ಹತ್ತು ಅಡಿ ಹೋಗಲ್ಲ.’

ಸಿಡ್ನಿಯ ಒಂದು ಲ್ಯಾಬಿನವರು ನಕಲು ತೆಗೆಯಲು ಒಪ್ಪಲಿಲ್ಲ. ಹೊರದೇಶಕ್ಕೆ ಕಳಿಸಿ, ವರ್ಷದ ಮೇಲೆ ನೋಡೋಣ ಎಂದರು. ಮಿಸ್ ಕೋರಾ ಅದಕ್ಕೆ, ‘ವರ್ಷಗಟ್ಟಲೆ ಕಾಯೋ ವಯಸ್ಸಾ ನನ್ನದು? ನಾನು ಅದಕ್ಕಿಂತ ಮೊದಲು ಹರೀತೀನಿ’ ಎಂದರು. ಡಾಕ್ಟರರ ಮಗಳೇ, ನಿನಗೆ ಹೇಳುತ್ತಿದ್ದೇನೆ, ಇಂಥ ಫಿಲ್ಮನ್ನು ಓಡಿಸಬಾರದು. ಮೊದಲು ಸ್ಕ್ಯಾನ್ ಮಾಡಬೇಕು. ಈಗ ನಾನು ಮಾಡಿದ್ದನ್ನು ಮಾಡಿದರೆ ನಿನ್ನನ್ನು ಕೆಲಸದಿಂದ ತೆಗೆಯುತ್ತಾರೆ, ತೆಗೆಯಲೇಬೇಕು. ಆಗ ನಮಗೆ ಸ್ಕ್ಯಾನ್ ಎಂದರೆ ಆಸ್ಪತ್ರೆ.

ಮೆಲ್ಬರ್ನಿನ ವಾರದ ಕೊನೆಯ ದಿನ ಮಧ್ಯಾಹ್ನದ ಆಟಕ್ಕೆ ಆ ಸಿನಿಮಾ ಇತ್ತು. ಮಿಸ್ ಕೋರಾ ನಾನು ಬಂದರೆ ಮಾತ್ರ ತಾವೂ ಬರುವುದಾಗಿ ಹೇಳಿದ್ದರಿಂದ ಡೆನಿಸ್ ನನ್ನನ್ನೂ ರೈಲಿಗೆ ಹತ್ತಿಸಿದ. ನಾಲ್ಕು ದಿನ ರಜೆ ಹಾಕಿ ಲೀಲಾ ಕೂಡ ಬಂದಳು. ಬಾಕ್ಸ್ ಹಿಲ್‌ನಲ್ಲಿ ಅವಳ ಅಕ್ಕನ ಮನೆ. ಆ ಮನೆಯ ಊಟದ ಮೇಜಿನ ಮೇಲೆ ಮುನ್ನೂರ ಅರವತ್ತು ಅಡಿ ಫಿಲ್ಮು ಹರಡಿಕೊಂಡು ಒಂದೊಂದು ತೂತು ನೋಡಿದೆ. ಹರಿದ ಕಡೆ ತೆಳ್ಳಗೆ ಟೇಪು ಹಾಕಿದೆ. ಅಂಚಿಗೆ ಮೇಣದಬತ್ತಿ ಸವರಿದೆ. ನನ್ನ ಷಡ್ಡಕ ಎಂಜಿನಿಯರ್. ಮೂರು ದಿನ ಸೋಫಾದ ಮೇಲೆ ಕೂತು ಊಟ ಮಾಡುತ್ತಾ, ‘ಮೆಕಾನಿಕಲಿ ಇಟ್ಸ್ ಇಂಪಾಸಿಬಲ್ ಗಂಗಾಧರ್’ ಎನ್ನುತ್ತಿದ್ದರು. ನಾನು, ‘ನೀವು ಸಾರು ಚೆಲ್ಲಬೇಡಿ, ಅಷ್ಟು ಸಾಕು’ ಎಂದೆ.

ಇಂಥದ್ದನ್ನು ಓಡಿಸುವ ಒಂದು ದಾರಿ ನನಗೆ ಟೆಂಟಿನಲ್ಲಿ ಗೊತ್ತಾಗಿತ್ತು. ಬೆಳಕಿನ ಮುಂದೆ ಫಿಲ್ಮನ್ನು ಒತ್ತಿ ಹಿಡಿಯುವ ಬಾಗಿಲಿಗೆ ಗೇಟ್ ಎನ್ನುತ್ತಾರೆ. ಅದರ ಸ್ಪ್ರಿಂಗ್ ಬಿಚ್ಚಿಬಿಡುವುದು. ಸ್ಪ್ರಿಂಗಿನ ಬದಲು ಹೆಬ್ಬೆರಳಲ್ಲಿ ಒತ್ತುವುದು, ಬಿಗಿಯಾದಾಗ ಸಡಿಲ ಬಿಡುವುದು. ಕೆಳಗೆ ಸುತ್ತುವ ಚಕ್ರಕ್ಕೂ ಕೊಡದೆ, ಎಳೆತವಿಲ್ಲದೆ, ಬುಟ್ಟಿಗೆ ಬೀಳಲು ಬಿಡುವುದು. ಬುಟ್ಟಿಗೆ ಮೆತ್ತಗಿನ ಬಟ್ಟೆ ಬೇಕು.

‘ನಿನ್ನ ಆ ಹಳೇ ನೂಲಿನ ಸೀರೆ ಕೊಡು’ ಎಂದೆ.

‘ಯಾವ ನಟಿಗೋ ನನ್ನ ಸೀರೇನಾ?’ ಎಂದಳು ಲೀಲಾ. ಕೊಟ್ಟಳು. ಹಳೆಯದಲ್ಲ, ಹೊಸದನ್ನೇ ಒಗೆದು ಮೆತ್ತಗೆ ಮಾಡಿ ಕೊಟ್ಟಳು. ಹಳೆಯದಕ್ಕೆ ಗಂಜಿ ಹಾಕಿಟ್ಟಿದೆ, ಗೀರು ಬೀಳುತ್ತದೆ ಎಂದು ಅವಳೇ ಯೋಚಿಸಿದ್ದಳು.

ಶನಿವಾರ ಮಧ್ಯಾಹ್ನ. ಥಿಯೇಟರಿನ ಮುಂದೆ ಟ್ರಾಮ್ ಓಡಾಡುವ ಬೀದಿ. ಕುರ್ಚಿಗಳೆಲ್ಲ ತುಂಬಿದ್ದವು. ಮೂರನೇ ರೀಲು ಎಡಗಡೆಯ ಮಷೀನಿನಲ್ಲಿ. ಬಲಗಡೆಯದರಲ್ಲಿ ಮಿಸ್ ಕೋರಾರ ನಾಲ್ಕು ನಿಮಿಷ, ಕೆಳಗೆ ಸೀರೆ ಹಾಸಿದ ಬುಟ್ಟಿ. ನನ್ನ ಕೈ ಖಾಲಿ ಇರುವುದಿಲ್ಲವಾದ್ದರಿಂದ ಆ ನಾಲ್ಕು ನಿಮಿಷದೊಳಗೆ ಎಡಗಡೆಗೆ ನಾಲ್ಕನೇ ರೀಲು ಏರಿಸಬೇಕಾದವನು ಡೆನಿಸ್.

‘ಹರಿದು ಹೋದ್ರೆ?’ ಎಂದ.

‘ಹರಿದ್ರೆ ಅವರ ಹತ್ರ ನೀವು ಹೋಗಿ ಹೇಳಿ. ನಾನು ಹೋಗಲ್ಲ.’

ಬಾಗಿಲು ಬಿತ್ತು. ಬದಲಿಸಿದೆ.

ಗೇಟಿನ ಮೇಲೆ ಹೆಬ್ಬೆರಳು. ಲ್ಯಾಂಪಿನ ಕಾವು ಮೊದಲ ನಿಮಿಷದಲ್ಲೇ ಹತ್ತಿತು. ಕೋಣೆಯ ಸ್ಪೀಕರನ್ನು ನಾನು ಮೊದಲೇ ಆಫ್ ಮಾಡಿದ್ದೆ; ಹರಿಯುವ ಮೊದಲು ಫಿಲ್ಮಿನ ಟಕಟಕ ಸದ್ದು ಬದಲಾಗುತ್ತದೆ, ಅದು ಕೇಳಬೇಕು. ಎರಡನೇ ನಿಮಿಷಕ್ಕೆ ಸದ್ದು ಒರಟಾಯಿತು. ಬೆರಳು ಸಡಿಲಿಸಿದೆ, ಸರಿಹೋಯಿತು. ಮೂರನೆಯದರಲ್ಲಿ ಗೇಟಿನ ಮೇಲೆ ಸಡಿಲವಾಗಿ ಬಿಟ್ಟಿದ್ದ ಫಿಲ್ಮಿನ ಮಡಿಕೆ ಕುಗ್ಗಿತು. ಇನ್ನೊಂದು ಕೈಯಲ್ಲಿ ಫಿಲ್ಮನ್ನು ಒಳಕ್ಕೆ ತಳ್ಳಿದೆ. ಹಲ್ಲಿನ ಮೇಲೆ ಒಂದು ಟೇಪು ಚಟ್ಟೆಂದಿತು. ಡೆನಿಸ್ ಏನೋ ಕೆಟ್ಟ ಮಾತಾಡಿದ. ಫಿಲ್ಮು ಹರಿಯದೆ ಮುಂದೆ ಹೋಯಿತು. ಸೀರೆಯ ಮೇಲೆ ಸರಸರ ಬೀಳುತ್ತಲೇ ಇತ್ತು.

‘ಚುಕ್ಕೆ!’ ಎಂದು ಕೂಗಿದೆ. ಡೆನಿಸ್ ಎಡಗಡೆ ಚಾಲೂ ಮಾಡಿದ. ಬಲಗಡೆಯ ಕೊನೆಯ ಅಡಿ ಬುಟ್ಟಿಗೆ ಇಳಿಯಿತು. ಆಗ ಗೋಡೆಯಾಚೆಯಿಂದ ಒಂದು ಸದ್ದು ಬಂತು. ಸಿನಿಮಾ ಓಡುತ್ತಿರುವಾಗಲೇ ಆ ದೇಶದ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಯಾರೋ ಶಿಳ್ಳೆ ಕೂಡ ಹಾಕಿದರು. ನಾಲ್ಕನೇ ರೀಲಿನ ಮೊದಲ ಮಾತುಗಳು ಯಾರಿಗೂ ಕೇಳಿಸಿರಲಾರವು.

ಡೆನಿಸ್ ನನ್ನ ಹೆಬ್ಬೆರಳು ನೋಡಿ, ‘ಓ, ಮೇಟ್’ ಎಂದು ಹೋಗಿ ಐಸ್ ತಂದ.

ಆಟ ಮುಗಿದ ಮೇಲೆ ಮಿಸ್ ಕೋರಾ ಬಂದರು. ಇಲ್ಲಿ ಮೆಟ್ಟಿಲು ಜಾಸ್ತಿ, ತಡವಾಯಿತು. ಉಸಿರು ತೆಗೆದುಕೊಂಡು, ಕಣ್ಣು ಒರೆಸಿಕೊಂಡು, ಗಲ್ಲ ಎತ್ತಿ ಕೇಳಿದರು, ‘ಹೇಗೆ ಮಾಡಿದೀನಿ?’

ಡೆನಿಸ್ ನನ್ನನ್ನು ನೋಡಿದ. ಚೆನ್ನಾಗಿತ್ತು ಮೇಡಂ ಎಂದರೆ ಮುಗಿಯುತ್ತಿತ್ತು.

‘ನಾನು ನೋಡ್ಲಿಲ್ಲ’ ಎಂದೆ. ‘ಕಣ್ಣು ಗೇಟಿನ ಮೇಲಿತ್ತು. ಕೇಳಿಸ್ಕೊಳ್ಳೋಕೂ ಆಗ್ಲಿಲ್ಲ. ನಿಮ್ಮ ತೂತುಗಳು ಮಾತ್ರ ಎಲ್ಲಾ ಚೆನ್ನಾಗಿ ಬಂದ್ವು.’

ಅವರು ಕೋಲನ್ನು ನನ್ನ ಕಡೆ ತೋರಿಸಿದರು. ‘ಇಡೀ ಬಿಲ್ಡಿಂಗಲ್ಲಿ ನೋಡದೆ ಇರೋನು ನೀನೊಬ್ಬನೇನಾ?’

‘ಡೆನಿಸೂ ಅರ್ಧ ನೋಡಿಲ್ಲ.’

‘ಮತ್ತೆ ಹಾಕು.’

ಬುಟ್ಟಿ ತೋರಿಸಿದೆ. ಅಂಚು ಅಲ್ಲಲ್ಲಿ ಪುಡಿಯಾಗಿ ಸೀರೆಗೆ ಹತ್ತಿಕೊಂಡಿತ್ತು. ಇನ್ನು ಅದು ಯಾವ ಮಷೀನಿಗೂ ಹೋಗುವ ಹಾಗಿರಲಿಲ್ಲ. ನಾನು ಹೇಳಬೇಕಾಗಲಿಲ್ಲ, ಅವರಿಗೇ ತಿಳಿಯಿತು.

ಮೆಟ್ಟಿಲ ತುದಿಯಲ್ಲಿ ಪಶ್ಚಿಮಕ್ಕೆ ಒಂದು ಕಿಟಕಿ. ಮಧ್ಯಾಹ್ನದ ಬಿಸಿಲು ನೇರ ಒಳಗೆ ಬೀಳುತ್ತಿತ್ತು. ಅವರು ನನ್ನ ಸ್ಟೂಲನ್ನು ಅಲ್ಲಿಗೆ ಎಳೆಸಿಕೊಂಡು ಕೂತರು. ‘ಬುಟ್ಟಿ ತಾ. ಹಿಡಿ ಬೆಳಕಿಗೆ’ ಎಂದರು.

ಫಿಲ್ಮಿನ ತುದಿ ಹುಡುಕಿ ಕಿಟಕಿಗೆ ಹಿಡಿದೆ. ಬೆರಳಿನಗಲದ ಚೌಕದಲ್ಲಿ ಒಬ್ಬ ಹೆಂಗಸು ಟೋಪಿ ಬಿಚ್ಚುತ್ತಿದ್ದಳು. ಇನ್ನೊಂದು ಅಡಿ ಎಳೆದೆ; ಕುರ್ಚಿ. ಇನ್ನೊಂದು; ಅವಳು ಕೂತಳು. ಬೆನ್ನು ಕುರ್ಚಿಗೆ ಆನಿಸಿ, ಕೈ ಎರಡನ್ನೂ ಅದರ ತೋಳಿನ ಮೇಲಿಟ್ಟು, ಯಾರೂ ಕರೆಯುವುದಿಲ್ಲ ಎಂದು ಗೊತ್ತಿರುವವರು ಕೂರುವ ಹಾಗೆ. ಬಾಯಿ ತೆರೆದಳು.

ನನ್ನ ಪಕ್ಕದಲ್ಲಿ ಮಿಸ್ ಕೋರಾ ಹಾಡಲು ಶುರು ಮಾಡಿದರು. ಎಂಬತ್ತರ ದನಿ, ಆದರೆ ಶ್ರುತಿ ತಪ್ಪಲಿಲ್ಲ. ನನ್ನ ಕೈ ಎಷ್ಟು ನಿಧಾನವೋ ಅವರ ಹಾಡೂ ಅಷ್ಟೇ ನಿಧಾನ. ಸುಟ್ಟ ಬೆರಳಿನಿಂದ ನಾನು ಎಳೆಯುತ್ತಾ ಹೋದೆ, ಅವರು ಕಾಯುತ್ತಾ ಹಾಡುತ್ತಾ ಹೋದರು. ಹಿಂದೆ ಲೀಲಾ ಬಂದು ನಿಂತದ್ದು ನನಗೆ ಗೊತ್ತಾಗಲಿಲ್ಲ.

ಅರ್ಧ ದಾರಿಯಲ್ಲಿ ಕೆಳಗಿನಿಂದ ಡೆನಿಸ್ ಕೂಗಿದ, ‘ಗಂಗಾ! ಮುಂದಿನ ಆಟದವರು ಬಾಗಿಲಲ್ಲಿದಾರೆ ಮೇಟ್! ಇನ್ನೂ ಎಷ್ಟಿದೆ?’

‘ನೂರೆಂಬತ್ತು ಅಡಿ’ ಎಂದು ಕೂಗಿದೆ. ‘ಕಾಯಲಿ.’